ಮುಪ್ಪು ಮತ್ತು ವಿವೇಚನೆ: ಒಂದು ಸಂಶೋಧನೆಯ ಚರಿತ್ರೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ರೂಢವಾಗಿದೆ. ಆದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಆಸ್ತಿಯ ಪಾಲಾಗಲಿ ನಂಟಸ್ತಿಕೆಯಾಗಲಿ ಹಿರಿಯರ ಮಾತಿಗೆ ಮನ್ನಣೆಯುಂಟು. ಒಂದೇ ಸಮಾಜವು ವೃದ್ಧರ ಬುದ್ಧಿಯನ್ನು ಶಂಕಿಸುತ್ತಲೂ ಇದೆ, ನೆಚ್ಚುತ್ತಲೂ ಇದೆ. 1872ರ ಕರಾರು ಕಾಯಿದೆಯಾದರೋ ವಾರ್ಧಕ್ಯವನ್ನೇ ಅನರ್ಹತೆಯೆಂದೆಣಿಸದೆ, ಕರಾರನ್ನು ಗ್ರಹಿಸಿ ತನ್ನ ಹಿತಾಹಿತಗಳನ್ನು ವಿವೇಚಿಸುವ ಶಕ್ತಿಯನ್ನು ಸ್ವಸ್ಥಚಿತ್ತದ ಲಕ್ಷಣವಾಗಿ ಹೇಳಿದೆ. ಆ ಶಕ್ತಿ ಎಂದು, ಏತರಿಂದ ಕುಗ್ಗುವುದೆಂಬುದೇ ವಿಚಾರಣೀಯವಾದ ಅಂಶ.

ಈ ಶೋಧನೆಯ ಚರಿತ್ರೆಯಲ್ಲಿ ಡಾ. ವಿಜಯಲಕ್ಷ್ಮೀ ರವೀಂದ್ರನಾಥ್ ಅವರ ಕಾರ್ಯ ಗಣನೀಯವಾದುದು. 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಇವರು 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರಿ, ಮೆದುಳಿನ ರಾಸಾಯನಿಕ ಕ್ರಿಯೆಗಳನ್ನು ಪರಿಶೋಧಿಸಿದರು. ಕೇಸರಿಬೇಳೆಯಲ್ಲಿರುವ ವಿಷವು ನರಕೋಶಗಳಿಗೆ ಮಾಡುವ ಹಾನಿಯೂ ಇವರ ಅಧ್ಯಯನಕ್ಕೆ ವಿಷಯವಾಯಿತು. 1996ರಲ್ಲಿ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಬಳಿಕ ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರಕ್ಕೆ ಸ್ಥಾಪಕ ನಿರ್ದೇಶಕರಾಗಿದ್ದು, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ನಮ್ಮ ಹಿರೇಮದ್ದಿನ ಗಿಡ, ಎಂದರೆ ಅಶ್ವಗಂಧವನ್ನು ಕುರಿತ ಇವರ ತಂಡದ ಪ್ರಬಂಧ 2012ರಲ್ಲಿ ಪ್ರಕಟವಾಯಿತು. ಆಲ್‌ಝೈಮರ್ ರೋಗದ ಲಕ್ಷಣಗಳುಳ್ಳ ಇಲಿಗಳಿಗೆ ಅದರ ಬೇರಿನ ಸಾರವನ್ನು ಕೊಟ್ಟಾಗ ಮೆದುಳಿನಲ್ಲಿ ಶೇಖರವಾಗಿದ್ದ ವಿಕೃತ ಪ್ರೋಟೀನು ಕಡಮೆಯಾಯಿತು. ಈ ಪರಿಣಾಮಕ್ಕೆ ಯಕೃತ್ತೇ ದ್ವಾರವಾಗಿತ್ತು. ಇಲಿಗಳಲ್ಲಿ ಕಂಡುದನ್ನು ಮನುಷ್ಯರಲ್ಲಿ ಸಿದ್ಧವೆಂದು ಹೇಳಲಾಗದು. ಮನುಷ್ಯನ ಮುಪ್ಪನ್ನು ಮನುಷ್ಯರಲ್ಲಿಯೇ ನೋಡಬೇಕಷ್ಟೆ.

ಅಂತಹ ಅವಕಾಶ ಒದಗಿದುದು 2014ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನ ಕೇಂದ್ರ ಹುಟ್ಟಿದಾಗ. ಇವರು ಅದರ ಸ್ಥಾಪಕ ನಿರ್ದೇಶಕರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದ ಸುಮಾರು 10,000 ಜನರನ್ನು ಹಲವು ವರ್ಷ ಅನುಸರಿಸುವ ಯೋಜನೆಯನ್ನು ಕೇಂದ್ರವು ಕೈಕೊಂಡಿತು. ಜ್ಞಾಪಕ, ಗಮನ, ಭಾಷೆಗಳ ಪರೀಕ್ಷೆಯೊಡನೆ ರಕ್ತಪರೀಕ್ಷೆ, ಮೆದುಳಿನ ಚಿತ್ರಣಗಳೂ ಇದರಲ್ಲಿ ಸೇರಿವೆ.

ಈ ಯೋಜನೆಯ ಮಹತ್ವವನ್ನು ಸಂಖ್ಯೆಯೊಂದರಿಂದಲೇ ಅಳೆಯಲಾಗದು. ಓದುಬರಹ ಬಲ್ಲವರಿಗಾಗಿ ರಚಿತವಾದ ಪರೀಕ್ಷೆಯಲ್ಲಿ ಅಕ್ಷರವರಿಯದ ರೈತನು ಸೋತರೆ, ಆ ಸೋಲು ಶಾಲೆಯ ಅಭಾವದ್ದೋ ಮೆದುಳಿನ ರೋಗದ್ದೋ ತಿಳಿಯುವುದೆಂತು? ತಪ್ಪು ನಿರ್ಣಯದಿಂದ ಒಬ್ಬನು ತನ್ನ ಹೊಲದ ಮೇಲಣ ಮಾತನ್ನೇ ಕಳೆದುಕೊಂಡಾನು. ಇನ್ನೊಬ್ಬನು, ರೋಗವಿದ್ದೂ ಮುಪ್ಪೆಂದು ಅಲಕ್ಷಿತನಾಗಿ, ಅರಿವಿಲ್ಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಯಾನು. ಮುಪ್ಪು ಬೇರೆ, ರೋಗ ಬೇರೆ. ಇವೆರಡನ್ನೂ ಗಾದೆಯು ಒಂದುಗೂಡಿಸಿತು; ಬೇರ್ಪಡಿಸುವ ಸಾಧನವನ್ನು ಹಳ್ಳಿಗರ ನಡುವೆಯೇ ಅರಸಿದುದು ಈ ಸಂಶೋಧನೆಯ ಹೆಚ್ಚಳ.