ಬಹಮನಿ ರಾಜ್ಯ ಮತ್ತು ನಮ್ಮ ಕಲ್ಯಾಣ–ಹುಮನಾಬಾದ್ ಸೀಮೆ

ಬಸವಕಲ್ಯಾಣ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಹನ್ನೆರಡನೆಯ ಶತಮಾನ. ಚಾಲುಕ್ಯರ ರಾಜಧಾನಿ, ಬಿಜ್ಜಳ, ಬಸವಣ್ಣನವರು, ಅನುಭವ ಮಂಟಪ. ಅದು ಸಹಜವೇ. ಆದರೆ ಶರಣರು ಕಲ್ಯಾಣ ಬಿಟ್ಟು ಚದುರಿದ ಮೇಲೆ ಈ ಊರು ಏನಾಯಿತು ಎಂದು ಕೇಳಿದರೆ, ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಇಷ್ಟೇ: ಹಸನ್ ಗಂಗು ಸ್ಥಾಪಕ, ಮಹಮೂದ್ ಗವಾನ್ ಪ್ರಧಾನಿ, ಕೊನೆಗೆ ಐದು ಹೋಳು. ಬೇರೆ ಜಿಲ್ಲೆಯ ಮಕ್ಕಳಿಗೆ ಇಷ್ಟು ಸಾಕಾಗಬಹುದು. ನಮಗೆ ಸಾಲದು. ಯಾಕೆಂದರೆ ಆ ರಾಜ್ಯದ ಎರಡು ರಾಜಧಾನಿಗಳಾದ ಕಲಬುರಗಿ ಮತ್ತು ಬೀದರ್ ನಡುವಿನ ಸೀಮೆಯೇ ನಮ್ಮದು. ಇಂದಿಗೂ ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೊರಟವರು ಹುಮನಾಬಾದ್ ನಿಲ್ದಾಣದಲ್ಲಿ ಚಹಾ ಕುಡಿದೇ ಮುಂದೆ ಹೋಗುತ್ತಾರೆ.

ಬಹಮನಿಗಳು ಬರುವುದಕ್ಕೆ ಮೊದಲೇ ಕಲ್ಯಾಣ ದೆಹಲಿಯ ಕೈಗೆ ಹೋಗಿತ್ತು. ಆ ಕಾಲದ ಒಂದು ಸಂಸ್ಕೃತ ಶಾಸನ ಕಲ್ಯಾಣದಲ್ಲಿ ಸಿಕ್ಕಿದೆ. ಶಕ ವರ್ಷ 1248, ಅಂದರೆ ಕ್ರಿ.ಶ. 1326. ದೆಹಲಿಯಲ್ಲಿ ಮಹಮದ್ ಬಿನ್ ತುಘಲಕ್ ಸುಲ್ತಾನ. ಕಲ್ಯಾಣದ ಆಡಳಿತ ಖ್ವಾಜಾ ಅಹಮದ್ ಎಂಬುವನದು. ಗಲಭೆಯೊಂದರಲ್ಲಿ ಇಲ್ಲಿಯ ಮಧುಕೇಶ್ವರ ದೇವಾಲಯದ ಲಿಂಗ ಭಗ್ನವಾಯಿತು. ಊರವರು ಖ್ವಾಜಾನ ಬಳಿ ಹೋಗಿ, ಪೂಜೆ ಮತ್ತೆ ನಡೆಯಬೇಕು ಎಂದು ಬಿನ್ನಹ ಮಾಡಿಕೊಂಡರು. ಪೂಜೆ ಅವರ ಧರ್ಮ ಎಂದು ಒಪ್ಪಿ ಆತ ಅನುಮತಿ ಕೊಟ್ಟ. ಲಿಂಗದ ಪುನಃಪ್ರತಿಷ್ಠೆ ಆಯಿತು. ಈ ಶಾಸನವನ್ನು ಅರ್ಧ ಓದುವವರೇ ಹೆಚ್ಚು. ಒಬ್ಬರು ಒಡೆದದ್ದನ್ನು ಮಾತ್ರ ಹೇಳುತ್ತಾರೆ, ಇನ್ನೊಬ್ಬರು ಕಟ್ಟಿಸಿದ್ದನ್ನು ಮಾತ್ರ ಹೇಳುತ್ತಾರೆ. ಕಲ್ಲಿನ ಮೇಲೆ ಎರಡೂ ಇವೆ.

ಇಪ್ಪತ್ತು ವರ್ಷ ಕಳೆಯುವುದರಲ್ಲಿ ತುಘಲಕನ ಹಿಡಿತ ಸಡಿಲವಾಯಿತು. ದಖನ್ನಿನಲ್ಲಿದ್ದ ಅವನ ಸರದಾರರೇ ಬಂಡೆದ್ದು, 1347ರಲ್ಲಿ ದೌಲತಾಬಾದಿನಲ್ಲಿ ಜಾಫರ್ ಖಾನನನ್ನು ಸುಲ್ತಾನನನ್ನಾಗಿ ಮಾಡಿದರು. ಅವನೇ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ. ಗಂಗು ಎಂಬ ಬ್ರಾಹ್ಮಣನ ಮನೆಯಲ್ಲಿ ಆಳಾಗಿದ್ದನೆಂದೂ, ಆ ಋಣಕ್ಕೆ ‘ಬ್ರಾಹ್ಮಣ’ ಶಬ್ದದಿಂದ ‘ಬಹಮನಿ’ ಎಂಬ ಹೆಸರಿಟ್ಟನೆಂದೂ ಫಿರಿಶ್ತಾ ಎಂಬ ಇತಿಹಾಸಕಾರ ಎರಡೂವರೆ ಶತಮಾನದ ನಂತರ ಬರೆದ. ಕಥೆ ಸೊಗಸಾಗಿದೆ, ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಇರಾನಿನ ಪುರಾತನ ವೀರ ಬಹಮನನ ವಂಶದವನೆಂದು ಆ ಸುಲ್ತಾನ ಹೇಳಿಕೊಂಡಿದ್ದ. ಹೆಸರು ಬಂದದ್ದು ಅಲ್ಲಿಂದ.

ರಾಜಧಾನಿ ಕಲಬುರಗಿಗೆ ಬಂತು. ಅವನ ಮಗ ಒಂದನೆಯ ಮಹಮದ್ ಷಾ ರಾಜ್ಯವನ್ನು ದೌಲತಾಬಾದ್, ಬೇರಾರ್, ಬೀದರ್, ಕಲಬುರಗಿ ಎಂದು ನಾಲ್ಕು ತರಫ್‌ಗಳಾಗಿ ವಿಂಗಡಿಸಿದ. ಪೂರ್ತಿ ಛಾವಣಿಯಿರುವ ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು. ಇದೇ ಸುಲ್ತಾನ ಬಂಗಾರದ ನಾಣ್ಯ ಟಂಕಿಸಿದಾಗ ಒಂದು ದೊಡ್ಡ ತಂಟೆ ಎದ್ದಿತು. ಪೇಟೆಯ ಸರಾಫರು ಈ ನಾಣ್ಯಗಳನ್ನು ಕರಗಿಸಿಬಿಡುತ್ತಿದ್ದರು. ಅವರ ನಂಬಿಕೆಯಿದ್ದದ್ದು ವಿಜಯನಗರದ ಹೊನ್ನಿನ ಮೇಲೆ. ಎಚ್ಚರಿಸಿದರೂ ಕೇಳಲಿಲ್ಲವೆಂದು ಸುಲ್ತಾನ ಸರಾಫರನ್ನು ಕೊಲ್ಲಿಸಿದನೆಂದು ಫಿರಿಶ್ತಾ ಬರೆಯುತ್ತಾನೆ. ವಿಜಯನಗರ–ಬಹಮನಿ ಕಲಹವನ್ನು ನಾವು ರಾಯಚೂರು ದೋಆಬದ ಯುದ್ಧವೆಂದೇ ಓದಿದ್ದೇವೆ. ಅದು ಪೇಟೆಯ ತಕ್ಕಡಿಯಲ್ಲೂ ನಡೆದಿತ್ತು.

ಫಿರೋಜ್ ಷಾನ ಕಾಲದಲ್ಲಿ ಬಂದೇ ನವಾಜ್ ಗೇಸುದರಾಜರು ದೆಹಲಿ ಕಡೆಯಿಂದ ಕಲಬುರಗಿಗೆ ಬಂದು ನೆಲೆಸಿದರು. ಅವರು ತೀರಿಕೊಂಡ 1422ರಲ್ಲೇ ಅವರ ಭಕ್ತನಾದ ಅಹಮದ್ ಷಾ ಪಟ್ಟಕ್ಕೆ ಬಂದ. ರಾಜಧಾನಿಯನ್ನು ಬೀದರಿಗೆ ಒಯ್ದವನು ಇವನೇ. ಎತ್ತರದ ನೆಲ, ತಂಪು ಗಾಳಿ, ರಾಜ್ಯದ ನಡುಮಧ್ಯ. ಇವನು ಇರಾನಿನ ಕಿರ್ಮಾನಿನಿಂದ ಷಾ ನಿಯಾಮತುಲ್ಲಾರ ವಂಶದವರನ್ನು ಕರೆಸಿಕೊಂಡ. ಅವರ ಮಗ ಖಲೀಲುಲ್ಲಾರ ಚೌಖಂಡಿ ಅಷ್ಟೂರಿನ ದಾರಿಯಲ್ಲಿದೆ. ಅಷ್ಟೂರಿನ ಗುಂಬಜಿನಲ್ಲಿ ಮಲಗಿರುವ ಅಹಮದ್ ಷಾನನ್ನು ಮುಸಲ್ಮಾನರು ವಲಿ ಎನ್ನುತ್ತಾರೆ, ಸುತ್ತಲಿನ ಹಿಂದೂಗಳು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಕಾಯಿ ಒಡೆಯುತ್ತಾರೆ. ತಿಥಿ ನೋಡುವುದೂ ನಮ್ಮ ಪಂಚಾಂಗದಲ್ಲೇ. ಜಾತ್ರೆ ಮಾಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಇನ್ನು ವ್ಯಾಪಾರ. ಬಹಮನಿಗಳ ಬಲವಿದ್ದದ್ದು ಕುದುರೆಯ ಮೇಲೆ, ಆದರೆ ಯುದ್ಧಕ್ಕೆ ಒದಗುವ ಒಳ್ಳೆಯ ತಳಿ ದಖನ್ನಿನ ಹವೆಗೆ ಬೆಳೆಯುತ್ತಿರಲಿಲ್ಲ. ಅರಬಸ್ತಾನ, ಇರಾನಗಳಿಂದ ಹಡಗಿನಲ್ಲಿ ಚೌಲ್, ದಾಭೋಳ ಬಂದರುಗಳಿಗೆ ತಂದು, ಘಟ್ಟ ಹತ್ತಿಸಿ, ವಾರಗಟ್ಟಲೆ ನಡೆಸಿಕೊಂಡು ಬರಬೇಕು. ಅಂಥ ಒಂದು ಕುದುರೆಯ ಹಿಂದೆ 1470ರ ಸುಮಾರಿಗೆ ಬೀದರಿಗೆ ಬಂದವನು ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮಾ ಬರುವುದಕ್ಕಿಂತ ಕಾಲು ಶತಮಾನ ಮೊದಲು. ಹೋರ್ಮುಜಿನಿಂದ ಹಡಗು ಹತ್ತಿ ಚೌಲಿನಲ್ಲಿ ಇಳಿದ. ಕೈಯಲ್ಲಿದ್ದದ್ದು ಒಂದೇ ಗಂಡುಗುದುರೆ. ಅದಕ್ಕೆ ಖರ್ಚಾದದ್ದು ನೂರು ರೂಬಲ್.

ಜುನ್ನಾರಿನಲ್ಲಿ ಅಲ್ಲಿಯ ಖಾನ ಆ ಕುದುರೆಯನ್ನು ಕಿತ್ತುಕೊಂಡ. ಇವನು ಮುಸಲ್ಮಾನನಲ್ಲ ಎಂದು ತಿಳಿದು, ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಕೊಡುತ್ತೇನೆ, ಆಗದಿದ್ದರೆ ಕುದುರೆಯೂ ಹೋಯಿತು, ಸಾವಿರ ಹೊನ್ನು ದಂಡವೂ ಬಿತ್ತು ಎಂದು ನಾಲ್ಕು ದಿನ ಗಡುವು ಹಾಕಿದ. ಅವನನ್ನು ಪಾರುಮಾಡಿದವನೂ ಒಬ್ಬ ಮುಸಲ್ಮಾನನೇ, ಖುರಾಸಾನಿನ ಖ್ವಾಜಾ ಮಹಮದ್. ಖಾನನ ಬಳಿ ಹೋಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟ. ಬೀದರಿನಲ್ಲಿ ನಿಕಿತಿನ್ ಕುದುರೆ ಮಾರಿದ. ತಾನು ಕ್ರೈಸ್ತ ಎಂದು ಇಲ್ಲಿಯ ಹಿಂದೂಗಳಿಗೆ ಹೇಳಿದ ಮೇಲೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಮುಚ್ಚಿಡಲಿಲ್ಲವೆಂದು ಬರೆದುಕೊಂಡ. ಶಿವರಾತ್ರಿಗೆ ಅವರ ಜೊತೆ ಶ್ರೀಶೈಲಕ್ಕೂ ಹೋಗಿಬಂದ.

ಅವನ ಬರಹದಲ್ಲಿ ನಮ್ಮ ಭಾಗದ ಒಂದು ಜಾತ್ರೆಯೂ ಇದೆ. ಷೇಕ್ ಅಲ್ಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಆ ಸಂತೆಗೆ ಇಪ್ಪತ್ತು ಸಾವಿರದವರೆಗೆ ಕುದುರೆ ಬರುತ್ತಿದ್ದವಂತೆ. ಅದು ನೆರೆಯ ಆಳಂದ, ಲಾಡ್ಲೆ ಮಶಾಯಕರ ದರ್ಗಾದ ಊರು. ಸಂಖ್ಯೆ ಸ್ವಲ್ಪ ಹೆಚ್ಚಾಯಿತೆಂದು ಕಂಡರೂ, ಅಷ್ಟು ಕುದುರೆಗೆ ಹುಲ್ಲು, ಹುರುಳಿ ಒದಗಿಸಿದ ರೈತರು ಯಾರು ಎಂದು ಯೋಚಿಸಿ ನೋಡಿ. ಅದನ್ನೂ ನಿಕಿತಿನ್ ಗಮನಿಸದೆ ಬಿಟ್ಟಿಲ್ಲ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಕಡುಬಡವರು ಎಂದು ನೇರವಾಗಿ ಬರೆದಿದ್ದಾನೆ. ಬೀದರ್ ಕೋಟೆಯ ರಂಗೀನ್ ಮಹಲ್ ನೋಡುವಾಗ ನನಗೆ ಆ ಮಾತು ಮರೆಯುವುದಿಲ್ಲ.

ಆಗ ರಾಜ್ಯ ನಡೆಸುತ್ತಿದ್ದವನೂ ವ್ಯಾಪಾರಿಯೇ. ಇರಾನಿನ ಗೀಲಾನಿನ ಮಹಮೂದ್ ಗವಾನ್ 1453ರಲ್ಲಿ ದಾಭೋಳದಲ್ಲಿ ಇಳಿದು ಬೀದರಿಗೆ ಬಂದ. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ವರ್ತಕರ ಒಡೆಯ. ಕೊಂಕಣದ ಕಡಲುಗಳ್ಳರನ್ನು ಬಗ್ಗುಬಡಿದ. 1472ರಲ್ಲಿ ಗೋವಾ ಹಿಡಿದ. ವಿಜಯನಗರಕ್ಕೆ ಕುದುರೆ ಬರುತ್ತಿದ್ದ ಬಾಗಿಲಿಗೇ ಬೀಗ ಬಿದ್ದಂತಾಯಿತು. ಅದೇ ವರ್ಷ ಬೀದರಿನ ಮದರಸಾ ಎದ್ದಿತು: ಮೂರು ಅಂತಸ್ತು, ನೀಲಿ ಹೆಂಚಿನ ಮಿನಾರು, ಮೂರು ಸಾವಿರ ಗ್ರಂಥಗಳು. ನಾಲ್ಕು ತರಫ್‌ಗಳನ್ನು ಎಂಟು ಮಾಡಿ ಸರದಾರರ ಬಲ ಕತ್ತರಿಸಿದ. ಅದೇ ಅವನಿಗೆ ಮುಳುವಾಯಿತು. ಇಲ್ಲಿಯೇ ಬೇರುಬಿಟ್ಟ ದಖನಿ ಮುಸಲ್ಮಾನ ಸರದಾರರಿಗೂ, ಗವಾನನಂತೆ ಹೊರಗಿನಿಂದ ಬಂದ ಆಫಾಕಿಗಳಿಗೂ ಹಳೆಯ ಹಗೆ. ದಖನಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಅದರ ಮೇಲೆ ಪತ್ರ ಬರೆದು, ಕುಡಿದ ಅಮಲಿನಲ್ಲಿದ್ದ ಮೂರನೆಯ ಮಹಮದ್ ಷಾನಿಗೆ ತೋರಿಸಿದರು. 1481ರ ಏಪ್ರಿಲಿನಲ್ಲಿ ಎಪ್ಪತ್ತು ದಾಟಿದ ಮುದುಕನ ತಲೆ ಹೋಯಿತು. ಅವನ ಖಜಾನೆ ತೆರೆಸಿ ನೋಡಿದರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸ್ವಂತ ವ್ಯಾಪಾರದ ಲಾಭದಲ್ಲಿ ಜೀವನ ನಡೆಸಿ, ಉಳಿದದ್ದನ್ನು ಬಡವರಿಗೆ ಕೊಡುತ್ತಿದ್ದನೆಂದು ಫಿರಿಶ್ತಾ ಹೇಳುತ್ತಾನೆ.

ಇವನ ಕೊಲೆಯಲ್ಲಿ ಹಿಂದೂ–ಮುಸಲ್ಮಾನ ಪ್ರಶ್ನೆಯೇ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೊಂದವರೂ ಸತ್ತವನೂ ಒಂದೇ ಧರ್ಮದವರು. ಜಗಳ ‘ನಮ್ಮವರು’ ಮತ್ತು ‘ಹೊರಗಿನವರು’ ಎಂಬುದರದು. ಮರುವರ್ಷವೇ ಸುಲ್ತಾನ ಸತ್ತ. ಮುಂದಿನ ಸುಲ್ತಾನರು ಹೆಸರಿಗೆ ಮಾತ್ರ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೇರಾರ್, ಬೀದರ್ ಒಂದೊಂದಾಗಿ ಬೇರೆಯಾದವು.

ಆ ಮೇಲೆ ಕಲ್ಯಾಣದ ಕೋಟೆಗೆ ನೆಮ್ಮದಿಯಿರಲಿಲ್ಲ. ಬರೀದಶಾಹಿ, ನಿಜಾಮಶಾಹಿ, ಆದಿಲಶಾಹಿ ಮೂವರಿಗೂ ಅದು ಬೇಕು. ವಿಜಯನಗರದ ರಾಮರಾಯನೂ ನಡುವೆ ಕೈಹಾಕಿದ. 1657ರಲ್ಲಿ ಔರಂಗಜೇಬ ಬೀದರನ್ನು ಗೆದ್ದು, ಅದೇ ಮಳೆಗಾಲದಲ್ಲಿ ಕಲ್ಯಾಣವನ್ನೂ ಹಿಡಿದ. ಬೀದರಿನ ಮದರಸಾದ ಅರ್ಧ ಭಾಗ ಆ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಮದ್ದುಗುಂಡು ಸಿಡಿದು ಉರುಳಿತು. ಕಲ್ಯಾಣ ನಿಜಾಮರ ಕೆಳಗಿನ ನವಾಬರಿಗೆ ಸೇರಿ, 1948ರಲ್ಲಿ ಹೈದರಾಬಾದಿನೊಡನೆ ಭಾರತಕ್ಕೆ ಬಂತು; 1956ರಲ್ಲಿ ಮೈಸೂರು ರಾಜ್ಯಕ್ಕೆ.

ಈ ಸಲ ಪ್ರವಾಸಕ್ಕೆ ಮಕ್ಕಳನ್ನು ದೂರ ಕರೆದೊಯ್ಯುವ ಮೊದಲು ಈ ಕೋಟೆಯನ್ನೇ ಒಂದು ದಿನ ಸಾವಕಾಶವಾಗಿ ತೋರಿಸಿದರೆ ಒಳ್ಳೆಯದು. ತೋಪು ಇಟ್ಟ ಬುರುಜಿನ ಗೋಡೆಯಲ್ಲಿ ಚಾಲುಕ್ಯರ ಕಾಲದ ಕೆತ್ತನೆಯ ಕಲ್ಲುಗಳು ಸೇರಿಕೊಂಡಿವೆ. ಬಾಗಿಲು ದಾಟುವ ಅವಸರದಲ್ಲಿ ನಾವು ನೋಡುವುದಿಲ್ಲ.