ಬಚ್ಚಲ ಬಾಯಿಂದ ಗಟಾರದ ತಳಕ್ಕೆ: ಜಿಡ್ಡಿನ ಚರಿತ್ರೆ

ನರಗುಂದ ಅಂದರೆ ನಮ್ಮ ಚರಿತ್ರೆಕಾರರಿಗೆ 1858ರ ಭಾಸ್ಕರರಾಯನ ಬಂಡಾಯ ನೆನಪಾಗುತ್ತದೆ. ಚಳವಳಿಗಾರರಿಗೆ 1980ರ ರೈತ ಬಂಡಾಯ. ಗಜೇಂದ್ರಗಡ ಅಂದರೆ ಘೋರ್ಪಡೆಯವರ ಕೋಟೆ. ರೋಣ ಅಂದರೆ ಹಳೆಯ ಗುಡಿ, ಶಾಸನ. ಈ ಮೂರು ಊರುಗಳ ಗಟಾರಕ್ಕೂ ಒಂದು ಚರಿತ್ರೆ ಇದೆ. ಅದು ಅರಮನೆಯಿಂದಲ್ಲ, ಅಡುಗೆಮನೆಯಿಂದ ಶುರುವಾಗುತ್ತದೆ. ಕೇರಿಯವರ ಕೈಯಲ್ಲಿ ಮುಗಿಯುತ್ತದೆ.

ಗಟಾರ ಕಟ್ಟಿದ ದಿನ ಓಣಿಯ ಹಿರಿಯರು ಪುರಸಭೆಗೆ ಹೋಗಿ ಹೇಳುವ ಮಾತು ಒಂದೇ: ‘ಗಟಾರ ಕಟ್ಟೇತ್ರಿ ಸಾಹೇಬ್ರ, ಯಾರನ್ನರ ಕಳಸ್ರಿ.’ ಈ ‘ಯಾರನ್ನರ’ ಅನ್ನುವ ಶಬ್ದಕ್ಕೆ ಹೆಸರಿಲ್ಲ, ಆದರೆ ಜಾತಿ ಇದೆ. ಯಾರು ಬರುತ್ತಾರೆ ಅನ್ನುವುದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಗಟಾರ ಯಾಕೆ ಕಟ್ಟಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹೂಳು ಕಾಣುತ್ತದೆ, ಪ್ಲಾಸ್ಟಿಕ್ ಕಾಣುತ್ತದೆ. ಅವೆರಡನ್ನೂ ಅಂಟಿಸಿ ಹಿಡಿಯುವ ಜಿಡ್ಡು ಕಾಣುವುದಿಲ್ಲ.

ಒಂದು ಕಾಲಕ್ಕೆ ಜಿಡ್ಡು ಕಸವಾಗಿರಲಿಲ್ಲ. ಇದು ಕುಸುಬಿ, ಶೇಂಗಾ, ಅಗಸಿ ಬೆಳೆದ ಎರಿ ನೆಲ. ಗಾಣದಿಂದ ಬಂದ ಎಣ್ಣೆ ಅಡುಗೆಗೆ, ದೀಪಕ್ಕೆ, ತಲೆಗೆ, ಬಂಡಿಯ ಅಚ್ಚಿಗೆ ಹಂಚಿಹೋಗುತ್ತಿತ್ತು. ಸತ್ತ ದನದ ಚರಬಿ ತೊಗಲು ಹದ ಮಾಡುವವರ ಕೈಯಲ್ಲಿ ಸರಕಾಗಿತ್ತು. ಮುಸುರಿ ಪಾತ್ರೆಗೆ ಬೂದಿ ಹಾಕಿ ತಿಕ್ಕಿದರೆ ಬೂದಿ ಜಿಡ್ಡನ್ನು ಹೀರುತ್ತಿತ್ತು, ತಿಪ್ಪಿ ಸೇರುತ್ತಿತ್ತು. ಇದನ್ನು ನೆನೆದು ‘ಹಳೇ ಕಾಲ ಚಲೋ ಇತ್ತು’ ಅಂತ ಹಾಡಬೇಕಾಗಿಲ್ಲ. ಜಿಡ್ಡಿಗೂ ಆಗ ಜಾತಿ ಇತ್ತು. ತುಪ್ಪ ಮಡಿಯವರದು, ಎಣ್ಣೆ ಗಾಣಿಗರದು, ಚರಬಿ ಹೊಲೆಮಾದಿಗರದು. ಸತ್ತ ದನ ಎಳೆಯುವುದೂ, ಮಲ ಹೊರುವುದೂ ಆ ‘ಚಲೋ ಕಾಲ’ದ ಬಳುವಳಿಯೇ.

ಬದಲಾದದ್ದು ಎಣ್ಣೆ ಪೇಟೆಯ ಮಾಲಾದಾಗ. 1937ರಲ್ಲಿ ಡಾಲ್ಡಾ ಬಂತು. ಮುಂದೆ ಪಾಮ್ ಎಣ್ಣೆ ಬಂತು. ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ಪಾಮ್ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ಶೇಂಗಾ, ಕುಸುಬಿ ಎಣ್ಣೆಗಿಂತ ಇವಕ್ಕೆ ತಂಪಿನಲ್ಲಿ ಹೆಪ್ಪುಗಟ್ಟುವ ಗುಣ ಹೆಚ್ಚು. ಬಸ್‌ಸ್ಟ್ಯಾಂಡಿನ ಹೋಟೆಲು, ಖಾನಾವಳಿ, ಕಲ್ಯಾಣ ಮಂಟಪ, ಮಿರ್ಚಿ–ಭಜಿಯ ಅಂಗಡಿ ಇವೆಲ್ಲ ಬೆಳೆದವು. ಬೂದಿ ಹೋಗಿ ಸೋಪಿನ ಪುಡಿ ಬಂತು. ಪಾತ್ರೆಯ ಜಿಡ್ಡು ಬಿಸಿನೀರಿನ ಜೊತೆ ಬಚ್ಚಲ ದಾಟಿತು. ಕೇರಿಯ ಮನೆಯಲ್ಲಿ ಎಣ್ಣೆ ಇವತ್ತಿಗೂ ಅಳೆದು ಸುರಿಯುವ ವಸ್ತು. ಚೆಲ್ಲುವಷ್ಟು ಅಲ್ಲಿ ಎಲ್ಲಿದೆ? ಚೆಲ್ಲಿದವರು ಒಬ್ಬರು, ಬಳಿಯುವವರು ಇನ್ನೊಬ್ಬರು.

ಬಚ್ಚಲ ದಾಟಿದ ಜಿಡ್ಡು ಏನಾಗುತ್ತದೆ? ನೀರು ತಣ್ಣಗಾದ ಕೂಡಲೇ ಅದು ಕೊಳವೆಯ ಗೋಡೆಗೆ ಹತ್ತಿಕೊಳ್ಳುತ್ತದೆ. ನೀರಿನಲ್ಲೂ ಸಿಮೆಂಟಿನಲ್ಲೂ ಇರುವ ಸುಣ್ಣದ ಅಂಶದ ಜೊತೆ ಕೂಡಿ ಒಂದು ಬಗೆಯ ಗಟ್ಟಿ ಸಾಬೂನಾಗುತ್ತದೆ. ನೀರಿಗೆ ಬರವಿರುವ ನಮ್ಮ ಕಡೆ ಕೊಳವೆಯನ್ನು ತೊಳೆದು ಹೋಗುವಷ್ಟು ಹರಿವೂ ಇರುವುದಿಲ್ಲ. ತಡೆಯ ಹಿಂದೆ ನಿಂತ ಕೊಳಚೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಮೊದಲು ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು ಅಂದುಕೊಂಡು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬರುವುದಿಲ್ಲ. ಪೇಪರಿನವರು ಇದನ್ನು ‘ದುರಂತ’ ಅನ್ನುತ್ತಾರೆ. ಇದರ ಮೊದಲ ಕಂತು ಯಾವುದೋ ಅಡುಗೆಮನೆಯಲ್ಲಿ ಬರೆದದ್ದು.

ಈಗ ಕಾನೂನಿನ ಚರಿತ್ರೆ ನೋಡೋಣ. ಈ ಭಾಗ 1956ರ ತನಕ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ ಜಿಲ್ಲೆ. ಆ ಪ್ರಾಂತದಲ್ಲಿ 1890ರಲ್ಲೇ ಮ್ಯುನಿಸಿಪಲ್ ನೌಕರರ ಕಾಯ್ದೆ ಬಂತು: ನೋಟೀಸು ಕೊಡದೆ ಕೆಲಸ ಬಿಟ್ಟರೆ ಜೈಲು. ಗಟಾರ ಬಳಿಯುವವನು ಕೈ ತೆಗೆದರೆ ಅಪರಾಧ. ಗಟಾರಕ್ಕೆ ಸುರಿಯುವವನ ಕಡೆ ಅದು ನೋಡಲಿಲ್ಲ. ಬಾಬಾಸಾಹೇಬ ಅಂಬೇಡ್ಕರರು 1935ರಲ್ಲಿ ಮುಂಬಯಿಯ ಪೌರ ಕಾರ್ಮಿಕರ ಸಂಘ ಕಟ್ಟಿದ್ದರ ಅರ್ಥ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಅದೇ 1935ರಲ್ಲಿ ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ ಕಾದಂಬರಿ ಬಂತು. ಅದರ ಕೊನೆಯಲ್ಲಿ ಜಾಡಮಾಲಿ ಹುಡುಗ ಬಖಾನಿಗೆ ಸಿಗುವ ಭರವಸೆಗಳಲ್ಲಿ ಒಂದು ಫ್ಲಶ್ ಕಕ್ಕಸು. ಯಂತ್ರ ಬಂದರೆ ಕುಲ ಹೋಗುತ್ತದೆ ಎಂಬ ನಂಬಿಕೆ ಅದು. ಯಂತ್ರ ಬಂತು. ಕುಲ ಹೋಗಲಿಲ್ಲ, ನೆಲದ ಕೆಳಗೆ ಇಳಿಯಿತು. ಸವರ್ಣ ಆಧುನಿಕತೆಯ ಬಗ್ಗೆ ದಲಿತ ವಿಮರ್ಶೆ ಎತ್ತಬೇಕಾದ ಪ್ರಶ್ನೆ ಇಲ್ಲೇ ಇದೆ: ಕೊಳವೆ ಯಾರನ್ನು ಬಿಡಿಸಿತು? ಕಾಣುವ ಸಂಕಟದಿಂದ ನೋಡುವವರ ಕಣ್ಣನ್ನು ಬಿಡಿಸಿತು.

ಕರ್ನಾಟಕದಲ್ಲಿ ಮಲ ತಲೆ ಮೇಲೆ ಹೊರುವುದನ್ನು 1970ರ ದಶಕದಲ್ಲಿ ನಿಲ್ಲಿಸಲು ಹೊರಟವರು ಪೌರಾಡಳಿತ ಮಂತ್ರಿ ಬಿ. ಬಸವಲಿಂಗಪ್ಪ. 1973ರ ಬೂಸಾ ಗದ್ದಲದಲ್ಲಿ ಅವರ ಮಂತ್ರಿಗಿರಿ ಹೋಯಿತು. 1975ರಲ್ಲಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. 1993ರಲ್ಲಿ ಕೇಂದ್ರದ ನಿಷೇಧ ಕಾಯ್ದೆ. ಆದರೂ 2010ರ ಜುಲೈಯಲ್ಲಿ, ನಮ್ಮ ನೆರೆಯ ಸವಣೂರಿನ ಭಂಗಿ ಬಂಧುಗಳು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ತಾವು ಬದುಕಿದ್ದೇವೆ ಎಂದು ತೋರಿಸಬೇಕಾಯಿತು. 2013ರ ಕಾಯ್ದೆ ಸುರಕ್ಷಾ ಸಾಧನವಿಲ್ಲದೆ ಗುಂಡಿಗೆ ಇಳಿಸುವುದನ್ನು ನಿಷೇಧಿಸಿತು. ಅಂದರೆ ಸಾಧನ ಕೊಟ್ಟರೆ ಇಳಿಸಬಹುದು. ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ, 30 ಲಕ್ಷ ಕೊಡಿ ಎಂದು 2023ರಲ್ಲಿ ಹೇಳಿತು. ಬೆಲೆ ಏರಿತು, ಇಳಿಯುವ ಜಾತಿ ಬದಲಾಗಲಿಲ್ಲ.

ಚೆಲ್ಲುವವರ ಮೇಲೆ ಕಾನೂನೇ ಇಲ್ಲವೇ? ಇದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ಕೊಳಚೆಯಲ್ಲಿ ಎಣ್ಣೆ–ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು. ಈ 20ರ ಅಂಕಿಯನ್ನು ಹಿಡಿದು ಭಜಿ ಅಂಗಡಿಗೋ ಕಲ್ಯಾಣ ಮಂಟಪಕ್ಕೋ ಯಾರು ಹೋಗುತ್ತಾರೆ?

2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 250 ಮೀಟರ್ ಉದ್ದದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತು. ಮೈತುಂಬ ರಕ್ಷಣೆಯ ಉಡುಪು ತೊಟ್ಟ ಕೆಲಸಗಾರರು ವಾರಗಟ್ಟಲೆ ಒಡೆದರು. ಅದರ ಒಂದು ತುಂಡನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟರು, ಜನ ಸಾಲು ನಿಂತು ನೋಡಿದರು. ಚೆಲ್ಲಿದವರು ತಮ್ಮ ಕಸವನ್ನು ತಾವೇ ನೋಡಿದ ಅಪರೂಪದ ಪ್ರಸಂಗ ಇದು. ನಮ್ಮಲ್ಲಿ ಆ ಮ್ಯೂಸಿಯಂ ಪೌರ ಕಾರ್ಮಿಕನ ಉಗುರಿನ ಸಂದಿಯಲ್ಲಿದೆ.

ಉಪಾಯ ದೊಡ್ಡದೇನಲ್ಲ. ಹೋಟೆಲಿನ ಬಚ್ಚಲಿಗೂ ಗಟಾರಕ್ಕೂ ನಡುವೆ ಒಂದು ಜಿಡ್ಡಿನ ತೊಟ್ಟಿ. ನೀರು ಅಲ್ಲಿ ನಿಧಾನವಾಗುತ್ತದೆ, ಜಿಡ್ಡು ತೇಲಿ ಮೇಲೆ ನಿಲ್ಲುತ್ತದೆ, ನೀರು ಕೆಳಗಿನ ಕೊಳವೆಯಿಂದ ಮುಂದೆ ಹೋಗುತ್ತದೆ. ಕರಿದುಳಿದ ಎಣ್ಣೆಯನ್ನು ಡಬ್ಬದಲ್ಲಿ ಕೂಡಿಟ್ಟರೆ ಅದರಿಂದ ಜೈವಿಕ ಡೀಸೆಲ್ ಆಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಅದಕ್ಕೊಂದು ಯೋಜನೆಯನ್ನೂ ಶುರು ಮಾಡಿದೆ. ಮನೆಗಳಲ್ಲಿ ಪಾತ್ರೆಯನ್ನು ತೊಳೆಯುವ ಮೊದಲು ಹಳೇ ಪೇಪರಿನಲ್ಲಿ ಒರೆಸಿದರೆ ಸಾಕು.

ಆದರೆ ಆ ತೊಟ್ಟಿಯನ್ನು ಬಳಿಯುವವರು ಯಾರು? ಅದಕ್ಕೂ ‘ಯಾರನ್ನರ ಕಳಸ್ರಿ’ ಅಂದರೆ ತೊಟ್ಟಿ ಇನ್ನೊಂದು ಗುಂಡಿಯಾಗುತ್ತದೆ, ಅಷ್ಟೇ. ಆದ್ದರಿಂದ ರೋಣ, ನರಗುಂದ, ಗಜೇಂದ್ರಗಡದ ಸ್ಥಳೀಯ ಆಡಳಿತಗಳ ಮುಂದೆ ನಮ್ಮ ಸಂಘಟನೆಗಳು ಇಡಬೇಕಾದ ಬೇಡಿಕೆ ಕೈಗವಸು, ಬೂಟು, ಪರಿಹಾರಕ್ಕೆ ಮುಗಿಯಬಾರದು. ಲೈಸೆನ್ಸು ಕೊಡುವ ಮೊದಲು ತೊಟ್ಟಿ ಇದೆಯೇ ನೋಡಿ. ಅದನ್ನು ಅಂಗಡಿಯ ಮಾಲೀಕನೇ ಬಳಿಯಲಿ, ತನ್ನ ಕೈಯಿಂದ. ಬಳಿಯದಿದ್ದರೆ ದಂಡ ಅವನಿಗೆ. ಪೂಜೆಯ ತುಪ್ಪ ಬಚ್ಚಲ ದಾಟಿದ ಕೂಡಲೇ ಮೈಲಿಗೆಯಾಗುವುದಾದರೆ, ಆ ಮೈಲಿಗೆ ಹುಟ್ಟಿದ ಮನೆಯಲ್ಲೇ ಉಳಿಯಲಿ. ನೂರಾರು ವರ್ಷ ಅದನ್ನು ನಮ್ಮ ಕೈಗೆ ದಾಟಿಸಿದ್ದು ಸಾಕು.