ಎದುರಾಳಿಯಾಗಿ ಬಂದ ಹಳ್ಳಿ: ಹ್ಯಾಲಮ್ ಫುಟ್‌ಬಾಲ್ ಕ್ಲಬ್ಬಿನ ಕಥೆ

ಶೆಫೀಲ್ಡ್ ನಗರದಿಂದ ಪಶ್ಚಿಮದ ಏರುದಾರಿ ಹಿಡಿದು ಹೋದರೆ ಕ್ರಾಸ್‌ಪೂಲ್ ಎಂಬ ಬಡಾವಣೆ ಸಿಗುತ್ತದೆ. ಅಲ್ಲಿ ಸ್ಯಾಂಡಿಗೇಟ್ ರಸ್ತೆಯ ಬದಿಯಲ್ಲಿ ಒಂದು ಆಟದ ಮೈದಾನವಿದೆ. ನೆಲ ಕಣ್ಣಿಗೆ ಕಾಣುವಷ್ಟು ಇಳಿಜಾರು. ಕೂರಲು ಒಂದು ಸಣ್ಣ ಸ್ಟ್ಯಾಂಡು, ಸುತ್ತಲೂ ಮನೆಗಳು. ಮೊದಲ ಬಾರಿ ನೋಡಿದವರಿಗೆ ತಮ್ಮೂರಿನ ಹೈಸ್ಕೂಲು ಮೈದಾನ ನೆನಪಾದರೆ ಆಶ್ಚರ್ಯವೇನಿಲ್ಲ. ಆದರೆ ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನವೆಂದು ಗಿನ್ನೆಸ್ ದಾಖಲೆ ಪುಸ್ತಕ ಗುರುತಿಸಿರುವುದು ಇದನ್ನೇ. 1860ರಲ್ಲಿ ಹುಟ್ಟಿದ ಹ್ಯಾಲಮ್ ಫುಟ್‌ಬಾಲ್ ಕ್ಲಬ್ ಇಂದಿಗೂ ಇಲ್ಲೇ ಆಡುತ್ತದೆ.

ಬ್ರಿಟನ್ನಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್ ತಂಡಗಳ ಆಟಗಾರರ ಹೆಸರು, ಅಂಗಿಯ ಸಂಖ್ಯೆ ಎಲ್ಲ ಬಾಯಿಪಾಠ. ಆ ದೊಡ್ಡ ತಂಡಗಳಿಗೂ ಮೊದಲೇ ಈ ಆಟಕ್ಕೆ ರೂಪ ಕೊಟ್ಟ ಊರು ಶೆಫೀಲ್ಡ್. ಅದರಲ್ಲಿ ಒಂದು ಹಳ್ಳಿಯ ಪಾಲು ಎಷ್ಟೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆ ಹಳ್ಳಿಯ ಕಥೆಯನ್ನು ಮನೆಮಂದಿಯೆಲ್ಲ ಕೂತು ಓದಲೆಂದು ಇಲ್ಲಿ ಹೇಳುತ್ತಿದ್ದೇನೆ.

ಒಂಟಿ ಕ್ಲಬ್ಬಿನ ಕಷ್ಟ

1857ರ ಅಕ್ಟೋಬರ್ 24ರಂದು ನಥಾನಿಯೆಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬ ಇಬ್ಬರು ಗೆಳೆಯರು ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಜಗತ್ತಿನ ಮೊದಲ ಫುಟ್‌ಬಾಲ್ ಕ್ಲಬ್ ಎಂಬ ಮನ್ನಣೆ ಅದಕ್ಕೇ ಸಲ್ಲುತ್ತದೆ. ಮರುವರ್ಷ ತಮ್ಮದೇ ನಿಯಮಗಳನ್ನು ಬರೆದುಕೊಂಡರು. ಎಲ್ಲ ಸರಿ, ಆದರೆ ಆಡುವುದು ಯಾರ ಜೊತೆ? ಎದುರಿಗೆ ಬೇರೆ ಕ್ಲಬ್ಬೇ ಇರಲಿಲ್ಲ. ಹಾಗಾಗಿ ಸದಸ್ಯರೇ ಎರಡು ಪಾಲಾಗಿ, ಮದುವೆಯಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ ಎಂದು ನಿಂತು ಆಡುತ್ತಿದ್ದರು. ನಮ್ಮ ಸಂಘದ ಪಿಕ್ನಿಕ್ಕಿನಲ್ಲಿ ನಡೆಯುವ ಹಗ್ಗಜಗ್ಗಾಟದ ಹಾಗೆಯೇ ಇತ್ತು ಅನ್ನಿ. ಸಂತೋಷಕ್ಕೆ ಕೊರತೆ ಇರಲಿಲ್ಲ. ಆದರೆ ಗೆದ್ದವರೂ ಸೋತವರೂ ಒಂದೇ ಮನೆಯವರು.

ಈ ಕೊರತೆಯನ್ನು ನೀಗಿಸಿದ್ದು ಹ್ಯಾಲಮ್. ಅದು ಆಗಿನ್ನೂ ನಗರದ ಹೊರಗಿದ್ದ ಹಳ್ಳಿಗಾಡು. ಸ್ಯಾಂಡಿಗೇಟಿನಲ್ಲಿ 1804ರಿಂದಲೇ ಒಂದು ಕ್ರಿಕೆಟ್ ಕ್ಲಬ್ ಇತ್ತು. ಶೆಫೀಲ್ಡ್ ಕ್ಲಬ್ಬಿನಲ್ಲಿ ಆಡಿ ಪಳಗಿದ್ದ ಜಾನ್ ಚಾರ್ಲ್ಸ್ ಶಾ ಮುಂದೆ ನಿಂತು 1860ರಲ್ಲಿ ಅಲ್ಲಿ ಫುಟ್‌ಬಾಲ್ ಕ್ಲಬ್ ಆರಂಭಿಸಿದರು. ಕ್ರಿಕೆಟ್ ಆಡುತ್ತಿದ್ದ ಹುಲ್ಲಿನ ಮೇಲೆಯೇ ಚಳಿಗಾಲದಲ್ಲಿ ಫುಟ್‌ಬಾಲ್ ಶುರುವಾಯಿತು. ನಿಯಮಗಳು ಶೆಫೀಲ್ಡಿನವೇ.

ಅದೇ ವರ್ಷ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ನಗರದ ಕ್ಲಬ್ಬು ಹಳ್ಳಿಯ ಕ್ಲಬ್ಬಿನ ಮೈದಾನಕ್ಕೆ ಬಂತು. ನೆಲದ ಮೇಲೆ ಹಿಮ ಬಿದ್ದಿತ್ತು. ಶೆಫೀಲ್ಡಿನವರದು ಕೆಂಪು-ಬಿಳಿ ಉಡುಪು, ಹ್ಯಾಲಮ್‌ನವರದು ನೀಲಿ. ಕತ್ತಲಾಗುವವರೆಗೆ ಆಡಿದರು. ಶೆಫೀಲ್ಡ್ 2-0 ಗೋಲುಗಳಿಂದ ಗೆದ್ದಿತು. ಎರಡು ಕ್ಲಬ್ಬುಗಳ ನಡುವೆ ನಡೆದ ಜಗತ್ತಿನ ಮೊದಲ ಫುಟ್‌ಬಾಲ್ ಪಂದ್ಯವೆಂದು ಇಂದು ಹೆಸರಾಗಿರುವುದು ಇದೇ. ಹ್ಯಾಲಮ್ ಅಂದು ಸೋತಿತು, ನಿಜ. ಆದರೆ ಅದು ಎದುರಿಗೆ ಬಂದು ನಿಂತದ್ದರಿಂದಲೇ ಅಲ್ಲಿಯವರೆಗಿನ ವ್ಯಾಯಾಮ ಪಂದ್ಯವಾಯಿತು. ಮೊದಲನೆಯವರನ್ನು ಎಲ್ಲರೂ ನೆನೆಯುತ್ತಾರೆ. ಎರಡನೆಯವರು ಬರದಿದ್ದರೆ ಮೊದಲನೆಯವರು ಮಾಡುವುದೇನು ಎಂದು ಕೇಳುವವರು ಕಡಿಮೆ.

ಒಂದು ಸಹಾಯಾರ್ಥ ಪಂದ್ಯ ಮತ್ತು ಧಾರವಾಡದ ಹತ್ತಿ

ಎರಡು ವರ್ಷಗಳ ನಂತರ, 1862ರ ಡಿಸೆಂಬರ್ 29ರಂದು, ಇದೇ ಎರಡು ತಂಡಗಳು ಬ್ರಮಾಲ್ ಲೇನ್ ಮೈದಾನದಲ್ಲಿ ಎದುರಾದವು. ಇಂದು ಶೆಫೀಲ್ಡ್ ಯುನೈಟೆಡ್ ತಂಡದ ತವರಾಗಿರುವ ಆ ಮೈದಾನ ಆಗ ಬರೀ ಕ್ರಿಕೆಟ್ ಅಂಗಳ. ಅಲ್ಲಿ ನಡೆದ ಮೊದಲ ಫುಟ್‌ಬಾಲ್ ಪಂದ್ಯ ಇದು. ಪಂದ್ಯದಿಂದ ಬಂದ ಹಣ ಲ್ಯಾಂಕಶೈರಿನ ಸಂಕಷ್ಟ ನಿಧಿಗೆ ಹೋಗಬೇಕಿತ್ತು.

ಏನಿದು ಸಂಕಷ್ಟ? 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಲ್ಯಾಂಕಶೈರಿನ ಬಟ್ಟೆ ಗಿರಣಿಗಳು ಮುಚ್ಚಿ, ಕೂಲಿ ನಂಬಿ ಬದುಕುತ್ತಿದ್ದ ಲಕ್ಷಾಂತರ ಜನ ಹಸಿವಿಗೆ ಬಿದ್ದರು. ಪೆನೈನ್ ಬೆಟ್ಟಸಾಲಿನ ಆಚೆಗಿದ್ದ ಶೆಫೀಲ್ಡಿನ ಜನ ನೆರವಿಗೆ ಮುಂದಾದರು.

ಇದೇ ಸಂಕಷ್ಟದ ಇನ್ನೊಂದು ಎಳೆ ನಮ್ಮ ನಾಡಿನಲ್ಲಿದೆ. ಅಮೆರಿಕದ ಹತ್ತಿ ಇಲ್ಲವಾದಾಗ ಗಿರಣಿ ಮಾಲೀಕರು ಕಣ್ಣು ಹಾಯಿಸಿದ್ದು ಭಾರತದತ್ತ. ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಅಮೆರಿಕನ್ ಬೀಜದ ಹತ್ತಿ ಬೆಳೆ ಆಗಲೇ ನೆಲೆಯೂರಿ, 'ಧಾರವಾಡ-ಅಮೆರಿಕನ್' ಎಂಬ ಹೆಸರನ್ನೇ ಪಡೆದಿತ್ತು. ಘಟ್ಟ ಇಳಿದು ಕುಮಟೆಗೆ ಬರುತ್ತಿದ್ದ ಹತ್ತಿ ಅಲ್ಲಿಂದ ಹಡಗೇರುತ್ತಿತ್ತು. ಕಾರವಾರದಲ್ಲಿ ದೊಡ್ಡ ಬಂದರಾಗಬೇಕು, ಅಲ್ಲಿಗೆ ಗಾಡಿರಸ್ತೆಯಾಗಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದರು. ಬ್ರಮಾಲ್ ಲೇನ್ ಪಂದ್ಯ ನಡೆದ 1862ರಲ್ಲೇ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಹಿಂದಿನ ಮುಖ್ಯ ಕಾರಣಗಳಲ್ಲಿ ಈ ಹತ್ತಿ-ಬಂದರಿನ ಲೆಕ್ಕಾಚಾರವೂ ಒಂದು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿದಾಗ ನಮ್ಮ ಹತ್ತಿಯ ಬೆಲೆ ಕುಸಿಯಿತು. ಅಲ್ಲಿ ಗಿರಣಿ ಮುಚ್ಚಿದಾಗ ಇಲ್ಲಿ ರೈತನ ಕೈಗೆ ಕಾಸು, ಗಿರಣಿ ತೆರೆದಾಗ ಇಲ್ಲಿ ಹೊಡೆತ.

ಮತ್ತೆ ಪಂದ್ಯಕ್ಕೆ ಬರೋಣ. ಉದ್ದೇಶ ಪುಣ್ಯದ್ದಾದರೂ ಆಟ ಶಾಂತವಾಗಿರಲಿಲ್ಲ. ಹ್ಯಾಲಮ್‌ನ ವಾಟರ್‌ಫಾಲ್ ಎಂಬ ಆಟಗಾರ ಕ್ರೆಸ್ವಿಕ್‌ಗೆ ಹೊಡೆದನೆಂದು ಪತ್ರಿಕೆ ವರದಿ ಮಾಡಿತು. ಪ್ರೇಕ್ಷಕರೂ ಒಳನುಗ್ಗಿದರು. ಕೊನೆಗೆ ವಾಟರ್‌ಫಾಲ್‌ನನ್ನು ಗೋಲು ಕಾಯಲು ಕಳಿಸಿ ಗಲಾಟೆ ತಣ್ಣಗಾಗಿಸಿದರು. ಯಾರೂ ಗೋಲು ಹೊಡೆಯದೆ ಪಂದ್ಯ ಮುಗಿಯಿತು. ನಡೆದದ್ದು ಹಾಗಲ್ಲ, ಹೀಗೆ ಎಂದು ಹ್ಯಾಲಮ್‌ನವರು ಪತ್ರಿಕೆಗೆ ಬರೆದು ತಮ್ಮ ವಾದ ಮಂಡಿಸಿದರು. ಜಾತ್ರೆಯ ವಾಲಿಬಾಲ್ ಪಂದ್ಯದಲ್ಲಿ ಪಕ್ಕದೂರಿನವರೊಡನೆ ಜಗಳ ಕಂಡವರಿಗೆ ಇದೇನೂ ಹೊಸದಲ್ಲ. ಅಷ್ಟಾದರೂ ಮುಂದೆ ಇಬ್ಬರೂ ಆಡುವುದನ್ನು ಬಿಡಲಿಲ್ಲ.

ಗೆದ್ದ ಕಪ್, ಕಳೆದ ಕಪ್

ಈ ಇಬ್ಬರ ಸುತ್ತ ಬೇರೆ ಕ್ಲಬ್ಬುಗಳೂ ಹುಟ್ಟಿಕೊಂಡವು. 1867ರಲ್ಲಿ ಥಾಮಸ್ ಯೂಡನ್ ಎಂಬ ನಾಟಕಶಾಲೆಯ ಮಾಲೀಕ ಬಹುಮಾನವಿಟ್ಟು ಪಂದ್ಯಾವಳಿ ಏರ್ಪಡಿಸಿದಾಗ 12 ಕ್ಲಬ್ಬುಗಳು ಸೇರಿದವು. ಪ್ರಸಿದ್ಧ ಎಫ್.ಎ. ಕಪ್ ಶುರುವಾದದ್ದು ಇದಾದ ನಾಲ್ಕು ವರ್ಷಗಳ ಮೇಲೆ. ಮಾರ್ಚ್ 5ರಂದು ಬ್ರಮಾಲ್ ಲೇನಿನಲ್ಲಿ ಸುಮಾರು 3,000 ಜನರ ಮುಂದೆ ಹ್ಯಾಲಮ್, ನಾರ್ಫೋಕ್ ಎಂಬ ತಂಡವನ್ನು ಸೋಲಿಸಿತು. ಗೋಲುಗಳಿಂದಲ್ಲ, ಎರಡು 'ರೂಜ್'ಗಳಿಂದ. ಗೋಲಿನ ಎರಡೂ ಬದಿಗೆ ಒಂದೊಂದು ಬಾವುಟ ನೆಡುತ್ತಿದ್ದರು. ಗೋಲುಗಂಬಕ್ಕೂ ಆ ಬಾವುಟಕ್ಕೂ ನಡುವೆ ಹಾದುಹೋದ ಚೆಂಡನ್ನು ಓಡಿ ಮೊದಲು ಮುಟ್ಟಿದವರಿಗೆ ಒಂದು ರೂಜ್. ಗೋಲುಗಳು ಸಮವಾದಾಗ ಇದನ್ನು ಎಣಿಸುತ್ತಿದ್ದರು. ಮರುವರ್ಷ ಈ ಪದ್ಧತಿ ಹೋಯಿತು. ಶೆಫೀಲ್ಡಿನವರ ಕಾರ್ನರ್ ಕಿಕ್ ಮಾತ್ರ 1872ರಲ್ಲಿ ಲಂಡನ್ನಿನ ನಿಯಮಾವಳಿಗೂ ಸೇರಿತು. 1877ರಲ್ಲಿ ಎರಡೂ ಕಡೆಯವರು ಒಂದೇ ನಿಯಮಾವಳಿಗೆ ಒಪ್ಪಿದರು. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಒದೆಯುವ ಕಾರ್ನರ್ ಕಿಕ್ಕಿನ ಬೇರು ಈ ಊರಿನಲ್ಲಿದೆ.

1885ರಲ್ಲಿ ಹಣಕ್ಕಾಗಿ ಆಡುವುದಕ್ಕೆ ಒಪ್ಪಿಗೆ ಸಿಕ್ಕಿತು. ನಗರದ ವೆನ್ಸ್‌ಡೇ, ಯುನೈಟೆಡ್ ತಂಡಗಳು ಆ ದಾರಿಯಲ್ಲಿ ಬೆಳೆದವು. ಹ್ಯಾಲಮ್ ಹವ್ಯಾಸಿಗಳ ತಂಡವಾಗಿಯೇ ಉಳಿಯಿತು. 1955ರ ಹವ್ಯಾಸಿ ಕಪ್ಪಿನಲ್ಲಿ ಡಲ್ವಿಚ್ ಹ್ಯಾಮ್ಲೆಟ್ ಎದುರು ಹಿಲ್ಸ್‌ಬರೊ ಮೈದಾನದಲ್ಲಿ ಆಡಿದಾಗ 13,000ಕ್ಕೂ ಹೆಚ್ಚು ಜನ ಬಂದಿದ್ದರು.

ಆದರೆ 1867ರಲ್ಲಿ ಗೆದ್ದ ಆ ಬೆಳ್ಳಿಯ ಕಪ್ ಎಲ್ಲಿ ಹೋಯಿತು? ಕ್ಲಬ್ಬಿನ ಕೈತಪ್ಪಿ ಅದು ನೂರಕ್ಕೂ ಹೆಚ್ಚು ವರ್ಷ ಕಣ್ಮರೆಯಾಗಿತ್ತು. 1997ರಲ್ಲಿ ಸ್ಕಾಟ್ಲೆಂಡಿನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರ ಬಳಿ ಅದು ಸಿಕ್ಕಾಗ, ಹ್ಯಾಲಮ್ ತಾನೇ ಗೆದ್ದ ಕಪ್ಪನ್ನು 2,000 ಪೌಂಡ್ ಕೊಟ್ಟು ಕೊಂಡು ತಂದಿತು. ಅತ್ತ ಅದರ ಹಳೆಯ ಎದುರಾಳಿ ಶೆಫೀಲ್ಡ್ ಕ್ಲಬ್ ತನ್ನ ಕೈಬರಹದ ನಿಯಮಗಳನ್ನೂ ಮೊದಲ ವರ್ಷಗಳ ಕಡತಗಳನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು. 2011ರಲ್ಲಿ ಹಣದ ಅಗತ್ಯಕ್ಕಾಗಿ ಅವನ್ನು ಹರಾಜಿಗಿಟ್ಟಾಗ 8,81,250 ಪೌಂಡ್ ಬಂತು. ಕಳೆದುಕೊಂಡವರು ದುಡ್ಡು ಕೊಟ್ಟು ಕೊಂಡರು, ಕಾಪಾಡಿಕೊಂಡವರು ಬದುಕಲೆಂದು ಮಾರಿದರು. ಯಾರನ್ನೂ ದೂರಲಾಗದು. ಮೈದಾನದ ಹುಲ್ಲು ಕತ್ತರಿಸಲೂ ಹಣ ಬೇಕು.

ನಮಗೇನು ಸಂಬಂಧ?

ಈ ಎರಡೂ ಕ್ಲಬ್ಬುಗಳು ಹುಟ್ಟಿದ್ದು ನಮ್ಮ ಸಂಘಗಳ ಹಾಗೆಯೇ: ನಾಲ್ಕಾರು ಜನ ಗೆಳೆಯರು, ಸಂಜೆಯ ಬಿಡುವು, ಎರವಲು ಜಾಗ, ಒಂದು ನೋಟ್‌ಬುಕ್ಕು. ತಾವು ಚರಿತ್ರೆ ಬರೆಯುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಯಾರೋ ಒಬ್ಬರು ದಿನಾಂಕ ಬರೆದಿಟ್ಟರು, ಯಾರೋ ಪತ್ರಿಕೆಗೆ ವರದಿ ಕಳಿಸಿದರು. ಅದಿಲ್ಲದಿದ್ದರೆ 1860ರ ಹಿಮದ ದಿನ ಇಂದು ಯಾರಿಗೂ ನೆನಪಿರುತ್ತಿರಲಿಲ್ಲ.

ನಮ್ಮ ಸಂಘದ ಮೊದಲ ಯುಗಾದಿಯ ಆಹ್ವಾನ ಪತ್ರಿಕೆ, ಮೊದಲ ನಾಟಕದ ಫೋಟೋ, ಮೊದಲ ಸಮಿತಿಯ ನಡಾವಳಿ ಪುಸ್ತಕ ಯಾರ ಮನೆಯ ಅಟ್ಟದಲ್ಲಿವೆ? ಹಿರಿಯರು ಈ ವರ್ಷ ಒಂದು ಸಲ ಪೆಟ್ಟಿಗೆ ತೆರೆದು ನೋಡಲಿ. ಹಾಗೆಯೇ ಪಕ್ಕದ ಊರಿನಲ್ಲಿ ಇನ್ನೊಂದು ಕನ್ನಡ ಸಂಘ ಹುಟ್ಟಿತೆಂದು ಮುಖ ಸಿಂಡರಿಸುವ ಮುನ್ನ ಸ್ಯಾಂಡಿಗೇಟನ್ನು ನೆನೆಯೋಣ. ಆಟಕ್ಕೆ ಕರೆಯಲು ನಮಗೂ ಒಬ್ಬ ನೆರೆಯವರು ಸಿಕ್ಕರು ಎಂದುಕೊಳ್ಳೋಣ.

ಶೆಫೀಲ್ಡಿಗೆ ಹೋದಾಗ ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಸ್ಯಾಂಡಿಗೇಟಿಗೆ ಹೋಗಿ ಬನ್ನಿ. ಇಳಿಜಾರಿನಲ್ಲಿ ಚೆಂಡು ಉರುಳುವುದನ್ನು ಅವರು ನೋಡಲಿ.